ಪೇಟಿ ಇಲ್ಲದ ಅಳು

ಜೂನ್ ೧೪, ಶನಿವಾರ. ರಂಗಂಪೇಟೆ.

"ನಾಟಕ ಶಾಲೆಗೆ ಯಾಕೆ ಸೇರಬೇಕು?" ಬೆಳಿಗ್ಗೆ ಸಂದರ್ಶನದಲ್ಲಿ ಕೇಳಿದ ಈ ಪ್ರಶ್ನೆ ಇನ್ನೂ ತಲೆ ಕೊರೆಯುತ್ತಿದೆ. "ಕಲಾಸೇವೆ ಮಾಡಾಕ್ರಿ" ಎಂದುಬಿಟ್ಟೆ. ಥೂ.

ನಿಜವಾದ ಕಾರಣವನ್ನು ಹೇಗೆ ಹೇಳಲಿ? ಹೋದ ವರ್ಷ ಅಪ್ಪ ತೀರಿಕೊಂಡಾಗ, ಗೋಡೆಗೆ ಒರಗಿಸಿ ಕೂರಿಸಿದ್ದ ಅವನ ಹೆಣದ ಮುಂದೆ ಎದೆ ಬಡಿದುಕೊಂಡು ಅತ್ತೆ. ಬಾಯಿಂದ ಬಂದದ್ದು ಮಾತ್ರ ಊರ ನಾಟಕದಲ್ಲಿ ಮಗನನ್ನು ಕಳೆದುಕೊಂಡ ರಾಜನ ಅಳು. ನಮ್ಮ ನಾಟಕದ ಮಾಸ್ತರರು ಹಾರ್ಮೋನಿಯಂ ಪೇಟಿ ಬಾರಿಸುತ್ತ ಕಲಿಸಿದ್ದ ಅದೇ ರಾಗ, ಅದೇ ಎಳೆತ. ತಂಗಿ ಕಸ್ತೂರಿ ಹತ್ತಿರ ಬಂದು, "ಅಣ್ಣಾ, ನಾಟಕ ಮಾಡಬ್ಯಾಡೊ, ಮಂದಿ ನೋಡಾಕತ್ತಾರ" ಎಂದಳು. ನಾನು ನಿಜವಾಗಿಯೇ ಅಳುತ್ತಿದ್ದೆ. ನನಗೆ ಬೇರೆ ಅಳು ಬರುವುದಿಲ್ಲ, ಅಷ್ಟೇ. ಆ ಶಾಲೆಯಲ್ಲಿ ಯಾರಾದರೂ ಕಲಿಸಿಯಾರು ಎಂದು ಆಸೆಪಟ್ಟಿದ್ದೆ.

"ಅತ್ತು ತೋರಿಸಿ" ಎಂದರು ಸಂದರ್ಶನದವರು. ಸುಮ್ಮನೆ ನಿಂತೆ. ಯಾಕೆ ಶುರು ಮಾಡುತ್ತಿಲ್ಲ ಎಂದು ಕೇಳಿದಾಗಲೇ ನನಗೂ ಗೊತ್ತಾದದ್ದು, ನಾನು ಪೇಟಿಯ ಸ್ವರಕ್ಕೆ ಕಾಯುತ್ತಿದ್ದೆ. ಆ ಕೋಣೆಯಲ್ಲಿ ಪೇಟಿಯೇ ಇರಲಿಲ್ಲ. ಕಳಿಸಿಬಿಟ್ಟರು.

ಸಂಜೆ ಸುರಪುರದಲ್ಲಿ ಬಸ್ಸಿಳಿದು ಮನೆಗೆ ಬಂದರೆ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಅವಳಿಗೆ ಸುಳ್ಳು ಹೇಳುವ ಶಕ್ತಿಯೂ ನನ್ನಲ್ಲಿ ಉಳಿದಿರಲಿಲ್ಲ. ಬಾಗಿಲಲ್ಲೇ ನಿಂತು ಹೇಳಿದೆ.

"ನನ್ನ ಕೈಲೆ ಆಗಂಗಿಲ್ಲವ್ವಾ. ಎಲ್ಲಾ ಮುಗೀತು."

ಅವ್ವ ತಿರುಗಿ ನೋಡಲಿಲ್ಲ. ರೊಟ್ಟಿಯನ್ನು ಹಂಚಿಗೆ ಹಾಕಿ, ನೀರು ಸವರಿದಳು.

"ಛಲೋ ಅಂದಿ. ಯಾವ ನಾಟಕದ್ದಪಾ ಇದು?"