ಕನ್ನಡಕದಂಗಡಿಯ ಎದುರಿನ ಮೂರು ಮೆಟ್ಟಿಲು

ಅಂಗಡಿಯಿಂದ, ಮಧ್ಯಾಹ್ನದ ಬಿಡುವಿನಲ್ಲಿ
ಮಾರ್ಚ್ ೧೨, ಗುರುವಾರ

ಪ್ರೀತಿಯ ಅಮ್ಮಾ,

ಒಂದು ವಿಷಯವನ್ನು ಈ ಪತ್ರದಲ್ಲಿ ಬರೆಯುವುದೇ ಬೇಡ ಎಂದು ಇವತ್ತು ಬೆಳಿಗ್ಗೆ ಹಲ್ಲುಜ್ಜುವವರೆಗೂ ಅಂದುಕೊಂಡಿದ್ದೆ. ಆಮೇಲೆ, ಅದನ್ನು ಬಿಟ್ಟು ಉಳಿದದ್ದನ್ನೆಲ್ಲ ಬರೆದರೆ ಬರೀ ಕವರು ಕಳಿಸಿದ ಹಾಗೆ ಅನ್ನಿಸಿತು. ವಿಷಯ ಇಷ್ಟೇ: ಇನ್‌ಸ್ಪೆಕ್ಟರು ಎದುರಂಗಡಿಯ ವಾಚ್ ರಿಪೇರಿಯವರನ್ನು ಹೊಡೆದ ಆ ಸಂಜೆ ನೀನು ನನ್ನ ಅಂಗಡಿಯ ಒಳಕೋಣೆಯಲ್ಲಿ, ಪರೀಕ್ಷೆಯ ಕುರ್ಚಿಯ ಮೇಲೆ, ಎರಡೂ ಕಣ್ಣಿಗೆ ಡ್ರಾಪ್ಸ್ ಹಾಕಿಸಿಕೊಂಡು ಕಣ್ಣು ಮುಚ್ಚಿ ಕೂತಿದ್ದೆ. ಇದು ನಿನಗೂ ಗೊತ್ತು, ನನಗೂ ಗೊತ್ತು. ವರ್ಷವಾಗುತ್ತ ಬಂತು, ಇಬ್ಬರೂ ಬಾಯಿ ಬಿಟ್ಟಿಲ್ಲ. ಅಲ್ಲ, ನೀನು ಬೇಕಾದಷ್ಟು ಬಾಯಿ ಬಿಟ್ಟಿದ್ದೀಯ. ಇದೊಂದಕ್ಕೆ ಮಾತ್ರ ಬಿಟ್ಟಿಲ್ಲ.

ಅದಿರಲಿ, ಮೊದಲು ನಿನ್ನ ಆರೋಗ್ಯ. ಮಂಡಿನೋವು ಹೇಗಿದೆ? ತಂಗಿಯ ಮನೆ ಎರಡನೇ ಮಹಡಿ, ದಿನಕ್ಕೆ ಹತ್ತು ಸಲ ಹತ್ತಿ ಇಳಿಯಬೇಡ. ಬಾಣಂತಿಗೆ ನಿದ್ದೆ ಮಾಡಲು ಬಿಡು, ಅವಳ ಹತ್ತಿರವೂ ಕೇಸಿನ ಕಥೆ ಹೇಳುತ್ತ ಕೂರಬೇಡ. ಮಗು ನನ್ನ ಮೂಗನ್ನು ಹೊತ್ತು ಬಂದಿದೆಯಂತೆ, ಪಾಪ, ಕನ್ನಡಕ ಕೂರಲು ಒಳ್ಳೆಯ ಮೂಗು ಅಂತ ಹೇಳು. ಫೋನಿನಲ್ಲೇ ಹೇಳಬಹುದಿತ್ತಲ್ಲ ಎಂದು ನೀನು ಕೇಳುತ್ತೀಯ. ಫೋನಿನಲ್ಲಿ ನೀನು ಮಾತಾಡುತ್ತೀಯ, ನಾನು ಕೇಳುತ್ತೇನೆ. ನಲವತ್ತನಾಲ್ಕು ವರ್ಷದಿಂದ ಅದೇ ನಡೆದು ಬಂದದ್ದು. "ಇಂಗ್ಲಿಷ್ ಮೀಡಿಯಮ್ಮಿಗೆ ಹಾಕಿ ಕೈಯಾರೆ ಮೂಗಿ ಮಾಡಿಕೊಂಡೆ" ಎಂದು ನೀನೇ ಎಲ್ಲರಿಗೂ ಹೇಳುತ್ತಿದ್ದೆಯಲ್ಲ.

ಇನ್ನು ಇಲ್ಲಿನ ಸಮಾಚಾರ. ವಿಚಾರಣೆ ಶುರುವಾದಾಗಿನಿಂದ ಕೋರ್ಟಿಗಿಂತ ನಮ್ಮ ಬೀದಿಯಲ್ಲೇ ವಾದ ಜಾಸ್ತಿ. ಕಟಿಂಗ್ ಶಾಪಿನವನು ಗೊತ್ತಲ್ಲ, ಬೀದಿಯೆಲ್ಲ ರೇಡಿಯೋ ಅಂತ ಕರೆಯುವವನು, ಕನ್ನಡಿಯ ಪಕ್ಕದಲ್ಲಿ ಇನ್‌ಸ್ಪೆಕ್ಟರ ಫೋಟೋ ಹಾಕಿದ್ದವನು. ಈಗ ಆ ಫೋಟೋ ಒಂದು ಹವಾಮಾನ ಸೂಚಕ. ಇನ್‌ಸ್ಪೆಕ್ಟರ ಪರ ಗಾಳಿ ಬೀಸಿದ ದಿನ ಮುಖ ನಮ್ಮ ಕಡೆ, ವಿರುದ್ಧ ಬೀಸಿದ ದಿನ ಗೋಡೆಯ ಕಡೆ. ಪೇಪರು ಓದುವುದನ್ನು ಜನ ಬಿಟ್ಟೇಬಿಟ್ಟಿದ್ದಾರೆ, ಬಾಗಿಲಲ್ಲಿ ಇಣುಕಿ ಫೋಟೋ ನೋಡಿಕೊಂಡು ಹೋಗುತ್ತಾರೆ. ಮೊನ್ನೆ ಕೋರ್ಟಿನಲ್ಲಿ ಹೆಣ ಪರೀಕ್ಷೆ ಮಾಡಿದ ಡಾಕ್ಟರ ಹೇಳಿಕೆ ಮುಗಿದ ಮೇಲೆ ಫೋಟೋ ಅರ್ಧ ತಿರುಗಿ ಪಕ್ಕಕ್ಕೆ ನೋಡುತ್ತಿತ್ತು. "ಏನಯ್ಯಾ ಇದು?" ಎಂದರೆ, "ತೀರ್ಪು ಕಾಯ್ದಿರಿಸಲಾಗಿದೆ" ಅಂದನಂತೆ.

ಅದಕ್ಕಿಂತ ದೊಡ್ಡ ಗದ್ದಲ ಆ ಮೂರು ಮೆಟ್ಟಿಲಿನದು. ವಾಚ್ ರಿಪೇರಿಯವರು ತಮ್ಮ ಅಂಗಡಿಯ ಮೆಟ್ಟಿಲಿನಿಂದ ತಾವೇ ಉರುಳಿ ಬಿದ್ದು ಸತ್ತರು ಎಂಬುದು ಇನ್‌ಸ್ಪೆಕ್ಟರ ಕಡೆಯ ವಾದ. ಇದು ಪೇಪರಿನಲ್ಲಿ ಬಂದದ್ದೇ ತಡ, ಊರಿಗೆ ಊರೇ ಮೆಟ್ಟಿಲು ನೋಡಲು ಬಂತು. ದರ್ಜಿ ಟೇಪು ತಂದು ಅಳೆದ: ಒಂದೊಂದೂ ಆರೂವರೆ ಇಂಚು, ಮೂರೂ ಸೇರಿದರೆ ನಮ್ಮ ಅಡುಗೆಮನೆಯ ಸ್ಟೂಲಿನಷ್ಟು ಎತ್ತರ. ಚಪ್ಪಲಿ ಹೊಲಿಯುವವರು ಬಿದ್ದು ತೋರಿಸಿದರು. ಎಡಕ್ಕೊಮ್ಮೆ, ಬಲಕ್ಕೊಮ್ಮೆ, ಬೆನ್ನ ಮೇಲೊಮ್ಮೆ, ನಾಲ್ಕನೆಯದು ಜನ ಒನ್ಸ್‌ಮೋರ್ ಅಂದದ್ದಕ್ಕೆ. ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. "ನಾಲ್ಕು ಸಲ ಸತ್ತಿದ್ದೀನಿ, ಯಾರಾದ್ರೂ ಟೀ ಕೊಡಿಸ್ರಪ್ಪಾ" ಎಂದು ಅಲ್ಲೇ ಕೂತರು. ಮರುವಾರ ಇನ್‌ಸ್ಪೆಕ್ಟರ ವಕೀಲರೇ ಸ್ಥಳ ನೋಡಲು ಬಂದು, ಮೇಲಿನ ಮೆಟ್ಟಿಲ ಮೇಲೆ ನಿಂತು, ಜನರ ಕಡೆ ಮುಖ ಮಾಡಿ "ಇಲ್ಲಿಂದ ಬಿದ್ದರೆ ಯಾರೂ ಬದುಕೋಲ್ಲ" ಎಂದು ಕೈಯೆತ್ತಿ ಹೇಳುತ್ತ ಮುಂದಕ್ಕೆ ಹೆಜ್ಜೆಯಿಟ್ಟು, ಮೂರೂ ಮೆಟ್ಟಿಲು ಉರುಳಿ ರಸ್ತೆಗೆ ಬಂದರು. ಪ್ಯಾಂಟು ಹರಿಯಿತು. ಎದ್ದು, ಧೂಳು ಕೊಡವಿಕೊಂಡು, ಕಾರಿನವರೆಗೆ ನಡೆದೇ ಹೋದರು. ಅವತ್ತು ಸಂಜೆಯೇ ಫೋಟೋ ಗೋಡೆಯ ಕಡೆ ತಿರುಗಿತು. ನಾನೂ ನಕ್ಕೆ ಅಮ್ಮಾ. ನಕ್ಕ ಮೇಲೆ, ಒಬ್ಬರು ಸತ್ತ ಜಾಗದ ಎದುರು ನಿಂತು ನಗುತ್ತಿದ್ದೇನಲ್ಲ ಎಂದು ನಾಚಿಕೆಯಾಗಿ ಒಳಗೆ ಬಂದು ಒಂದೇ ಲೆನ್ಸನ್ನು ಮೂರು ಸಲ ಒರೆಸಿದೆ.

ಈ ಕೇಸಿನಿಂದ ನನಗೂ ಗಿರಾಕಿ ಹೆಚ್ಚಾಗಿದ್ದಾರೆ. ಹೋದ ವರ್ಷ ಜೂನ್ ತಿಂಗಳಲ್ಲಿ ಎಲ್ಲರೂ ಕಣ್ಣು ಚೆನ್ನಾಗಿದೆ ಎಂಬ ಸರ್ಟಿಫಿಕೇಟಿಗೆ ಸಾಲು ನಿಂತಿದ್ದರು, ನೆನಪಿದೆಯಾ? ಎಲ್ಲರೂ ಎಲ್ಲವನ್ನೂ ಕಂಡವರೇ. ರಿಟೈರ್ಡ್ ಮೇಷ್ಟ್ರಂತೂ ತಾವು ನೀರಿನ ಟ್ಯಾಂಕಿನ ಮೇಲೆ ಕೂತ ಕಾಗೆಯ ಕೊಕ್ಕನ್ನು ಇಲ್ಲಿಂದಲೇ ನೋಡಬಲ್ಲರು ಎಂದು ಬರೆದುಕೊಡು ಎಂದಿದ್ದರು. ಫೆಬ್ರವರಿಯಲ್ಲಿ ಕೋರ್ಟಿನವನು ಸಮನ್ಸ್ ಹಿಡಿದು ಮನೆಮನೆಗೆ ಬಂದ ನೋಡು, ಅದೇ ಸಾಲು ಮತ್ತೆ ಬಂತು, ಈ ಸಲ ಕಣ್ಣು ಕಾಣುವುದಿಲ್ಲ ಎಂಬ ಸರ್ಟಿಫಿಕೇಟಿಗೆ. "ಕಾಗೆ ಬಿಡಮ್ಮಾ, ಈಗ ಟ್ಯಾಂಕೇ ಕಾಣಲ್ಲ" ಅಂದರು ಮೇಷ್ಟ್ರು. ರೇಡಿಯೋನನ್ನು ಕೂರಿಸಿ ಗೇಣುದ್ದದ ಮೊದಲ ಅಕ್ಷರ ತೋರಿಸಿದರೆ, "ಯಾವ ಬೋರ್ಡು ಅಕ್ಕಾ?" ಅಂದ. ಸರಿ, ನಾಳೆ ಬಾ ಎಂದೆ. ಬಾಗಿಲು ದಾಟುತ್ತ ರಸ್ತೆಯಾಚೆ ವಾಚಿನಂಗಡಿಯಲ್ಲಿ ನೇತುಹಾಕಿದ ಗಡಿಯಾರ ನೋಡಿ, "ಅಯ್ಯೋ, ನಾಲ್ಕು ಮೂವತ್ತೈದಾಯ್ತು, ಅಂಗಡಿಯಲ್ಲಿ ಒಬ್ಬರಿಗೆ ಅರ್ಧ ಶೇವ್ ಮಾಡಿ ಬಂದಿದ್ದೀನಿ" ಎಂದು ಓಡಿದ. ಯಾರಿಗೂ ಸುಳ್ಳು ಬರೆದುಕೊಡಲಿಲ್ಲ ಅಮ್ಮಾ. ಜೂನ್‌ನಲ್ಲಿ ಎಷ್ಟು ನಂಬರಿತ್ತೋ ಫೆಬ್ರವರಿಯಲ್ಲೂ ಅಷ್ಟೇ ಎಂದು ಬರೆದೆ. ನನ್ನ ಪ್ರಾಮಾಣಿಕತೆಯ ಬಗ್ಗೆ ನನಗೇ ಸ್ವಲ್ಪ ಜಂಬ ಬಂತು. ಆ ಜಂಬ ನಾಲ್ಕು ದಿನ ಇತ್ತು.

ಐದನೆಯ ದಿನ ವಾಚ್ ರಿಪೇರಿಯವರ ಹೆಂಡತಿ ಬಂದಳು. ಗಂಡನ ಕೆಲಸ ತಾನೇ ಕಲಿಯುತ್ತಿದ್ದಾಳಂತೆ, ಸಣ್ಣ ಸ್ಕ್ರೂ ಕಾಣಬೇಕು, ಕನ್ನಡಕ ಬೇಕಾಗುತ್ತದೋ ನೋಡಿ ಎಂದಳು. ಕೂರಿಸಿದೆ. ಕೊನೆಯ ಸಾಲಿನವರೆಗೆ, ಇರುವೆಯಷ್ಟು ಸಣ್ಣ ಅಕ್ಷರಗಳನ್ನು ಸಹ, ತಡವರಿಸದೆ ಓದಿದಳು. ನಿನಗೆ ಕನ್ನಡಕ ಬೇಡ ಎಂದೆ. ಅವಳು ಕುರ್ಚಿಯಿಂದ ಏಳಲಿಲ್ಲ. "ಇಷ್ಟು ಚೆನ್ನಾಗಿ ಕಾಣುತ್ತೆ ನೋಡಕ್ಕಾ. ಅವತ್ತು ನಾನು ತವರಿಗೆ ಹೋಗಿದ್ದೆ" ಎಂದಳು. ಆಮೇಲೆ ಚೀಲ ಹುಡುಕುತ್ತ, "ನಿಮ್ಮಮ್ಮ ಒಬ್ಬರೇ ಧೈರ್ಯಸ್ಥೆ, ಕಣ್ಣಾರೆ ಕಂಡಿದ್ದನ್ನ ಕೋರ್ಟಲ್ಲಿ ಹೇಳೋಕೆ ಅವರು ಬಂದ್ರೆ ಸಾಕು" ಎಂದಳು. ಚೀಲ ಕುರ್ಚಿಯ ಹಿಂದೆ ಬಿದ್ದಿತ್ತು, ಎತ್ತಿಕೊಟ್ಟೆ.

ಮಾರನೇ ದಿನವೇ ಇನ್‌ಸ್ಪೆಕ್ಟರ ವಕೀಲರ ಗುಮಾಸ್ತ ಬಂದು, ನಗುನಗುತ್ತ, ನಿಮ್ಮ ತಾಯಿಯವರ ಕಣ್ಣಿನ ಕಾರ್ಡು ಇದೆಯಾ ಮೇಡಂ, ಸುಮ್ಮನೆ ನೋಡೋಣ ಅಂತ, ಎಂದ. ಕೊಡಲಿಲ್ಲ. ಆದರೆ ಕೋರ್ಟು ಕೇಳಿದರೆ ಕೊಡಲೇಬೇಕು, ಅದರಲ್ಲಿ ನನ್ನದೇ ಅಕ್ಷರದಲ್ಲಿ ತಾರೀಖು, ಹೊತ್ತು, ಡ್ರಾಪ್ಸ್ ಎಲ್ಲ ಇದೆ. ನೀನು ಈ ತಿಂಗಳ ಇಪ್ಪತ್ತಾರಕ್ಕೆ ಹೊಸ ಬಟ್ಟೆ ಹಾಕಿಕೊಂಡು ಸಾಕ್ಷಿ ಹೇಳಲು ನಿಲ್ಲುತ್ತೀಯ, ಅವರು ಆ ಕಾರ್ಡು ಮುಂದಿಡುತ್ತಾರೆ. ಅಲ್ಲಿಗೆ ನಿನ್ನ ಮರ್ಯಾದೆಯೂ ಹೋಯಿತು, ಕೇಸೂ ಬಿತ್ತು.

ನೀನು ಸುಳ್ಳು ಹೇಳಿದೆ ಎಂದು ನಾನು ಅನ್ನುತ್ತಿಲ್ಲ. ಹೊರಗೆ ಸದ್ದಾದಾಗ ನೀನು ಒಳಗಿನಿಂದ "ಏನೇ ಅದು?" ಎಂದೆ. ನಾನು ಗಾಜಿನ ಬಾಗಿಲ ಹಿಂದೆ ನಿಂತು, ಆಟದ ಕಾಮೆಂಟರಿ ಹೇಳುವವಳ ಹಾಗೆ, ಆದರೆ ಪಿಸುದನಿಯಲ್ಲಿ, ಕಂಡದ್ದನ್ನೆಲ್ಲ ಹೇಳಿದೆ. ವಾಚ್ ರಿಪೇರಿಯವರು ಕೆಳಗಿನ ಮೆಟ್ಟಿಲ ಮೇಲೆ ಕೂತಿದ್ದಾರೆ. ವಾಚು ಇನ್ನೂ ಆಗಿಲ್ಲ, ನಾಳೆ ಬನ್ನಿ ಸಾರ್ ಅನ್ನುತ್ತಿದ್ದಾರೆ. ಇನ್‌ಸ್ಪೆಕ್ಟರ್ ಲಾಠಿ ಎತ್ತಿದ. ಒಂದು, ಎರಡು, ಮೂರು, ನಾಲ್ಕು. ಬೀಳಬೇಕಾದರೆ ಮೊದಲು ನಿಂತಿರಬೇಕಲ್ಲ ಅಮ್ಮಾ, ಅವರು ಎದ್ದು ನಿಲ್ಲಲೇ ಇಲ್ಲ. ನಾನೂ ಬಾಗಿಲು ತೆಗೆಯಲಿಲ್ಲ. ಆಮೇಲೆ ಅದನ್ನು ನೀನು ಬೀದಿಗೆ ಹೇಳಿದೆ, ಪೇಪರಿನವರಿಗೆ ಹೇಳಿದೆ, ಹತ್ತನೆಯ ಸಲ ಹೇಳುವಾಗ ನೀನೇ ಹೋಗಿ ಲಾಠಿ ಕಿತ್ತುಕೊಂಡಿದ್ದೆ. ನಾನು ಪಕ್ಕದಲ್ಲೇ ಕೂತು ಕನ್ನಡಕದ ಕಡ್ಡಿ ಬಗ್ಗಿಸುತ್ತ ಕೇಳಿಸಿಕೊಂಡೆ. ನೀನು ಬಾಯಿ ಮಾಡದಿದ್ದರೆ ಈ ಕೇಸೇ ಆಗುತ್ತಿರಲಿಲ್ಲ, ಅದಕ್ಕೆ ನಿನಗೆ ಕೈ ಮುಗಿಯುತ್ತೇನೆ. ನನಗೆ ಹೆದರಿಕೆಯಿತ್ತು, ನನ್ನ ಬದಲು ನೀನು ಹೇಳುವುದರಲ್ಲಿ ಅನುಕೂಲವೂ ಇತ್ತು. ಯಾವುದು ಎಷ್ಟು ಪಾಲು ಎಂದು ಇನ್ನೂ ಗೊತ್ತಾಗಿಲ್ಲ. ಮೇಷ್ಟ್ರನ್ನೂ ರೇಡಿಯೋನನ್ನೂ ಆಡಿಕೊಂಡು ನಕ್ಕೆನಲ್ಲ, ಆ ಸಾಲಿನಲ್ಲಿ ಎಲ್ಲರಿಗಿಂತ ಮೊದಲು ನಿಂತವಳು ನಾನೇ.

ಕೋಪ ಮಾಡಿಕೊಳ್ಳಬೇಡ. ಮಾಡಿಕೊಂಡರೂ ಊಟ ಬಿಡಬೇಡ. ತಂಗಿಗೂ ಅವಳ ಗಂಡನಿಗೂ ನನ್ನ ನೆನಪು ಹೇಳು, ಮಗುವಿನ ಮೂಗಿಗೊಂದು ಮುತ್ತು. ನಿನ್ನ ಆಶೀರ್ವಾದ ಈ ವಾರ ನನಗೆ ಸ್ವಲ್ಪ ಜಾಸ್ತಿ ಬೇಕು.

ನಿನ್ನ ದೊಡ್ಡ ಮಗಳು,
ಮೂಗಿ

ಮುಖ್ಯವಾದದ್ದೇ ಉಳಿಯಿತು, ಗಿರಾಕಿ ಬಂದು ಕೂತಿದ್ದಾರೆ, ಬೇಗ ಬರೆಯುತ್ತೇನೆ. ಸೋಮವಾರ ಸರ್ಕಾರಿ ವಕೀಲರ ಆಫೀಸಿಗೆ ಹೋಗಿ, ಕಂಡವಳು ನಾನು, ಅಮ್ಮ ಹೇಳಿದ್ದು ನನ್ನಿಂದ ಕೇಳಿದ್ದನ್ನು ಎಂದು ಹೇಳಿದೆ. "ಒಂದು ವರ್ಷ ಎಲ್ಲಿದ್ರಮ್ಮಾ?" ಎಂದರು. "ಎದುರಿಗೇ" ಎಂದೆ. ಅರ್ಜಿ ಹಾಕಿದರು, ಜಡ್ಜ್ ಒಪ್ಪಿದ್ದಾರೆ, ನನ್ನ ಸಾಕ್ಷಿ ಬರುವ ಬುಧವಾರ. ನಿನ್ನನ್ನು ಕರೆಸುವುದು ಬೇಡ ಎಂದೂ ಅವರೇ ಹೇಳಿದರು, ಇಪ್ಪತ್ನಾಲ್ಕರ ಟಿಕೆಟ್ ರದ್ದು ಮಾಡಿಸು. ಬಟ್ಟೆ ತಂಗಿಯ ಮಗುವಿನ ಹೆಸರಿಡುವ ದಿನಕ್ಕಾಗುತ್ತದೆ. ರೇಡಿಯೋಗೆ ಇನ್ನೂ ಸುದ್ದಿ ಗೊತ್ತಿಲ್ಲ. ಪತ್ರ ಇವತ್ತೇ ಹಾಕಿದರೆ ನಿನಗೆ ಸೋಮವಾರ ಸಿಗುತ್ತದೆ, ಮಂಗಳವಾರ ನೀನು ಅಂಗಡಿಯ ಬಾಗಿಲಲ್ಲಿ ನಿಂತಿರುತ್ತೀಯ, ನನ್ನ ಬದಲು ಮಾತಾಡಲು. ಆದ್ದರಿಂದ ಇದನ್ನು ಅಂಚೆಗೆ ಹಾಕುವುದು ಮಾರ್ಚ್ ಹದಿನೆಂಟು, ಬುಧವಾರ, ಕಟಕಟೆಯಿಂದ ಇಳಿದು ಬಂದ ಮೇಲೆ.