ನಾಲ್ಕು ಗಂಟೆಯ ಪಾಠ

ಫೆಬ್ರವರಿ 9, ಡ್ಯೂಟಿ ಮುಗಿದ ಮೇಲೆ

ಇವತ್ತೂ ನಾನೇ ಹೇಳಬೇಕಾಯಿತು. ಬೆಳಿಗ್ಗೆ ಬಿಪಿ ನೋಡಲು ಹೋದರೆ ಅದೇ ನಗು, ಅದೇ ಪ್ರಶ್ನೆ — "ಸಿಸ್ಟರ್, ನನ್ನ ಹೆಂಡ್ತಿ ಎಲ್ಲಿ? ಕಾಫಿ ತರೋಕೆ ಹೋದ್ಲಾ?"

ಕಾರು ಲಾರಿಗೆ ಗುದ್ದಿದ ಕೇಸು. ತಲೆಗೆ ಪೆಟ್ಟು. ಹಳೆಯದೆಲ್ಲ ನೆನಪಿದೆ, ಮದುವೆ ದಿನ ಕರೆಂಟು ಹೋಗಿದ್ದು ಕೂಡ. ಆದರೆ ಈಗ ಹೇಳಿದ್ದು ನಿಲ್ಲುವುದಿಲ್ಲ. ಒಂದು ನಿದ್ದೆ ಮಾಡಿ ಎದ್ದರೆ ಮಾಯ. ದಿನಾ ಹೊಸದಾಗಿ ಪರಿಚಯ ಮಾಡಿಕೊಳ್ಳುತ್ತಾನೆಂದು ವಾರ್ಡಿನಲ್ಲಿ ಅವನಿಗೆ 'ಹೊಸಬ' ಎಂದೇ ಹೆಸರು. ಪಾಪ... ಪಾಪ ಎಂದು ಬರೆದದ್ದಕ್ಕೆ ನನಗೇ ಸಿಟ್ಟು. ಸ್ಟಿಯರಿಂಗ್ ಹಿಡಿದುಕೊಂಡು ಮೆಸೇಜ್ ಮಾಡುತ್ತಿದ್ದವನು.

ದೊಡ್ಡ ಡಾಕ್ಟರ ಅಪ್ಪಣೆ — ಸುಳ್ಳು ಹೇಳಬೇಡಿ, ಕೇಳಿದಾಗಲೆಲ್ಲ ನಿಜ ಹೇಳಿ, ಮೆದುಳು ದಾರಿಗೆ ಬರುವುದೇ ಹಾಗೆ. ಅವರಿಗೇನು, ರೌಂಡ್ಸ್ ಮುಗಿಸಿ ಹೋಗುತ್ತಾರೆ. ಆ ಮುಖ ನೋಡುವವಳು ನಾನು. "ತೀರಿಹೋದ್ರು" ಎಂದ ಮೇಲೂ ಸ್ವಲ್ಪ ಹೊತ್ತು ನಗು ಹಾಗೇ ಇರುತ್ತದೆ. ಆಮೇಲೆ ಆ ಕೂಗು. ಪಕ್ಕದ ಬೆಡ್ಡಿನ ಅಜ್ಜ ಈಗೀಗ ಬೆಳಿಗ್ಗೆ ಏಳುತ್ತಲೇ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಾನೆ.

ಫೆಬ್ರವರಿ 12

ಹೊಸಬನ ಅತ್ತೆ ಬಂದಿದ್ದರು. ಸತ್ತವಳ ತಾಯಿ. ನಿವೃತ್ತ ಟೀಚರ್. ಇಸ್ತ್ರಿ ಮಾಡಿದ ಬಟ್ಟೆ, ಬಿಗಿಯಾಗಿ ಬಾಚಿದ ತಲೆ. ಅವನಿಗೆ ಬೇರೆ ಯಾರೂ ಇಲ್ಲವಂತೆ, ಇವರೊಬ್ಬರೇ. ಕಿತ್ತಳೆ ಸುಲಿದು, ಬೀಜ ತೆಗೆದು, ಒಂದೊಂದೇ ತೊಳೆ ಬಾಯಿಗಿಟ್ಟರು. ಅವನು ಕೇಳಿದ. ಅವರೇ ಹೇಳಿದರು. ಇಬ್ಬರೂ ಅತ್ತರು.

ಹೋಗುವಾಗ ನನ್ನ ಹತ್ತಿರ ಬಂದು, "ಸಿಸ್ಟರ್, ನಾಳೆಯಿಂದ ನೀವು ಹೇಳಬೇಡಿ. ನಾಲ್ಕು ಗಂಟೆಗೆ ನಾನು ಬರ್ತೀನಿ, ನಾನೇ ಹೇಳ್ತೀನಿ" ಅಂದರು.

ಮಗಳನ್ನು ಕಳೆದುಕೊಂಡವರು ಅಳಿಯನ ಮೇಲೆ ಇಷ್ಟು ಕರುಣೆ ಇಟ್ಟಿದ್ದಾರಲ್ಲ ಎಂದುಕೊಂಡೆ. ನನ್ನ ತಲೆನೋವೂ ತಪ್ಪಿತು, ಅದೂ ನಿಜ. ಈಗ ಅವನು ಕೇಳಿದರೆ ಒಂದೇ ಉತ್ತರ — ಅತ್ತೆ ಬರ್ತಾರೆ, ಕೇಳಿ.

ಫೆಬ್ರವರಿ 19

ಕರುಣೆಯಂತೆ. ನಾನೆಂಥ ಪೆದ್ದಿ.

ಇವತ್ತು ಡ್ರಿಪ್ ಬದಲಿಸುತ್ತ ಅಲ್ಲೇ ನಿಂತಿದ್ದೆ. ಮೊದಲೆಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸುತ್ತಿದ್ದರು. ಈಗ ಹಾಗಲ್ಲ. ಹಣ್ಣು ತಿನ್ನಿಸಿ, ಬಾಯಿ ಒರೆಸಿ, ಅವನು ನಗುವವರೆಗೆ ಕಾಯುತ್ತಾರೆ. ಆಮೇಲೆ ಶುರು. ಅವಳು ಹಳದಿ ಡ್ರೆಸ್ ಹಾಕ್ಕೊಂಡಿದ್ಲು. ನಮ್ಮನೆಗೆ ಊಟಕ್ಕೆ ಬರ್ತಿದ್ರಿ. ನಿನ್ನ ಫೋನು ಟಿಂಗ್ ಅಂತು. ನೀನು ಆಫೀಸ್ ಗ್ರೂಪಿಗೆ ಬರೆದೆ. ಏನು ಬರೆದೆ ಗೊತ್ತಾ? 'ಓಕೆ' ಅಂತ.

ಅವನು ಮುಖ ಮುಚ್ಚಿಕೊಂಡ. ಅವರು ಅವನ ಕೈ ಸರಿಸಿ ಮುಖ ನೋಡಿದರು. ಅವರ ಕಣ್ಣಲ್ಲಿ ಒಂದು ಹನಿಯೂ ಇರಲಿಲ್ಲ.

ಫೆಬ್ರವರಿ 21

ಇವತ್ತು ಹೊಸದೊಂದು ಸೇರಿಸಿದರು. "ಅರ್ಧ ಗಂಟೆ ಜೀವ ಇತ್ತು ಕಣೋ. ಬಾಗಿಲು ಕತ್ತರಿಸೋವರೆಗೂ ಇತ್ತು. ನಿನ್ನ ಕರೀಲಿಲ್ಲ. ಅಮ್ಮಾ, ಅಮ್ಮಾ ಅಂತಿದ್ಲು."

ಸುಳ್ಳು. ಅವತ್ತು ಕ್ಯಾಶುವಾಲ್ಟಿಯಲ್ಲಿ ಇದ್ದವಳು ನಾನೇ. ಆಂಬುಲೆನ್ಸಿನವನು ನನ್ನ ಎದುರಿಗೇ ಹೇಳಿದ್ದ — ಗುದ್ದಿದ ಕ್ಷಣವೇ ಹೋಗಿದೆ, ಕತ್ತು ಮುರಿದು. ಅವಳಿಗೆ ಗೊತ್ತೂ ಆಗಿರಲಿಕ್ಕಿಲ್ಲ.

ಕಾರಿಡಾರಿನಲ್ಲಿ ಹಿಡಿದು ಕೇಳಿದೆ. "ಅಮ್ಮ, ಆ ಅರ್ಧ ಗಂಟೆ ಇರಲಿಲ್ಲ. ನಿಮಗೂ ಗೊತ್ತು."

"ಗೊತ್ತು" ಅಂದರು. ಶಾಂತವಾಗಿ. "ಬೆಳಿಗ್ಗೆ ಅವನಿಗೆ ಮರೆತುಹೋಗುತ್ತಲ್ಲ ಸಿಸ್ಟರ್. ನನಗೆ ಮರೆಯಲ್ಲ. ಅಷ್ಟು ಬಿಡಿ ನನಗೆ."

ಬಿಟ್ಟೆ. ಮರೆಯುವವನಿಗೆ ಏನು ಹೇಳಿದರೇನು ಎಂದುಕೊಂಡೆ.

ಫೆಬ್ರವರಿ 25

ಮನೆಗೆ ಬರುವಾಗ ಸಿಗ್ನಲ್ಲಿನಲ್ಲಿ, ಕಾರು ಓಡಿಸುತ್ತಿದ್ದ ನಮ್ಮ ಯಜಮಾನರ ಫೋನು ಬಡಿದುಕೊಂಡಿತು. ಕೈ ಆ ಕಡೆ ಹೋಯಿತು. ಪಟ್ಟನೆ ಹೊಡೆದೆ. ಹಿಂದಿನ ಸೀಟಿನಲ್ಲಿ ಮಗಳು ಕಿಸಕ್ಕನೆ ನಕ್ಕಳು. "ನಿಂತಿದ್ದೀವಲ್ಲೇ ಮಾರಾಯ್ತಿ" ಅಂದರು ಇವರು. ಫೋನನ್ನು ನನ್ನ ಬ್ಯಾಗಿಗೆ ಹಾಕಿಕೊಂಡೆ.

ಒಪ್ಪಿಕೊಂಡುಬಿಡುತ್ತೇನೆ. ನಾಲ್ಕು ಗಂಟೆಗೆ ಆ ಬೆಡ್ಡಿನ ಹತ್ತಿರ ನನಗೆ ಏನಾದರೂ ಕೆಲಸ ಹುಟ್ಟಿಕೊಳ್ಳುತ್ತದೆ. ಪರದೆ ಸರಿಪಡಿಸುವುದೋ, ಚಾರ್ಟ್ ಬರೆಯುವುದೋ. ಆ ಕೂಗು ಕೇಳಿದರೆ ಒಳಗೆಲ್ಲೋ ತಣ್ಣಗಾಗುತ್ತದೆ. ಆಗಬೇಕಾದ್ದೇ ಅವನಿಗೆ ಅನ್ನಿಸುತ್ತದೆ. ನನ್ನ ವೃತ್ತಿಗೆ ಬೆಂಕಿ ಬೀಳಲಿ.

ಮಾರ್ಚ್ 6, ಬೆಳಿಗ್ಗೆ

ಬಿಪಿ ಪಟ್ಟಿ ಸುತ್ತುತ್ತಿದ್ದೆ. ನಗಲಿಲ್ಲ ಅವನು. ಕೇಳಲೂ ಇಲ್ಲ. ನಾನೇ ಕೇಳಿದೆ, "ಏನ್ರೀ, ಇವತ್ತು ಹೆಂಡ್ತಿ ವಿಚಾರಿಸಲಿಲ್ಲ?"

"ಗೊತ್ತು ಸಿಸ್ಟರ್" ಅಂದ. "ನಾಲ್ಕೈದು ದಿನದಿಂದ ನಿಲ್ತಾ ಇದೆ."

ಅಪಘಾತ ನೆನಪಿಲ್ಲ. ಅತ್ತೆ ಹೇಳಿದ್ದು ನೆನಪಿದೆ. ಅಕ್ಷರ ಅಕ್ಷರ. ಅರ್ಧ ಗಂಟೆಯ ಸಮೇತ.

"ಮತ್ತೆ ನಿನ್ನೆ ಅವರನ್ನ ಕೇಳಿದ್ರಲ್ಲ, ಎಲ್ಲಿ ಅಂತ?"

"ಅವರು ಬರೋದೇ ಅದಕ್ಕೆ. ನೆನಪು ಬಂತು ಅಂತ ಗೊತ್ತಾದ್ರೆ ಯಾಕೆ ಬರ್ತಾರೆ? ಅವಳ ಬಗ್ಗೆ ನನ್ನ ಹತ್ರ ಮಾತಾಡೋಕೆ ಇನ್ನು ಯಾರಿದಾರೆ, ಹೇಳಿ." ನನ್ನ ಕೈ ಹಿಡಿದುಕೊಂಡ. "ಡಾಕ್ಟರಿಗೂ ಹೇಳಬೇಡಿ ಸಿಸ್ಟರ್."

ಆ ಅರ್ಧ ಗಂಟೆ ಸುಳ್ಳು ಎಂದು ಆಗಲೇ ಹೇಳಬಹುದಿತ್ತು. ಹೇಳಿದರೆ, ಇಷ್ಟು ದಿನ ನೀವ್ಯಾಕೆ ಸುಮ್ಮನಿದ್ರಿ ಎಂದು ಕೇಳುತ್ತಾನೆ. ಆಪರೇಷನ್ ಥಿಯೇಟರಿನಿಂದ ಕರೆ ಬಂತು. ಎದ್ದು ಹೋದೆ.

ಮಾರ್ಚ್ 10

ನಾಲ್ಕು ಗಂಟೆ. ಅವನು ನಗುತ್ತಾನೆ, ಕೇಳುತ್ತಾನೆ. ಅವರು ಹೇಳುತ್ತಾರೆ. ಅವನು ಅಳುತ್ತಾನೆ. ಆ ಅಳು ನಾಟಕವಲ್ಲ. ಇವತ್ತು ಪರದೆಯ ಹತ್ತಿರ ನಿಲ್ಲಲಾಗಲಿಲ್ಲ. ಸ್ಟೋರಿಗೆ ಹೋಗಿ ಇದ್ದ ಬ್ಯಾಂಡೇಜನ್ನೇ ಮತ್ತೆ ಜೋಡಿಸಿದೆ.

ಮಾರ್ಚ್ 14

ಮುಗಿಯಿತು.

"ಹಸಿರು ಡ್ರೆಸ್ ಹಾಕ್ಕೊಂಡಿದ್ಲು" ಎಂದು ಶುರು ಮಾಡಿದರು.

"ಹಳದಿ" ಅಂದ. ಬಾಯಿ ತಪ್ಪಿ.

ಬೇಕೆಂದೇ ಹಸಿರು ಅಂದರೋ ತಪ್ಪಿ ಅಂದರೋ, ನನಗೆ ಗೊತ್ತಾಗಲಿಲ್ಲ. ಸುಲಿಯುತ್ತಿದ್ದ ಹಣ್ಣನ್ನು ಹಾಗೇ ಇಟ್ಟು, ಕೈ ಒರೆಸಿಕೊಂಡರು. "ಪಾಠ ಬಂತು" ಅಂದರು. ಎದ್ದರು. ಅವನು, "ಅತ್ತೆ, ಅತ್ತೆ, ಕೂತ್ಕೊಳ್ಳಿ" ಎಂದು ಬೆಡ್ಡಿನಿಂದ ಇಳಿಯಲು ಹೋಗಿ ಬಿದ್ದ. ಅವರು ತಿರುಗಿ ನೋಡಲಿಲ್ಲ.

ಮಾರ್ಚ್ 27

ಬಂದಿಲ್ಲ. ಫೋನ್ ಎತ್ತುವುದಿಲ್ಲ. ಡಾಕ್ಟರಿಗೆ ಖುಷಿ, ನೆನಪು ಪೂರ್ತಿ ಕೂತಿದೆಯಂತೆ, ಒಳ್ಳೆಯ ರಿಕವರಿಯಂತೆ. ಕರೆದುಕೊಂಡು ಹೋಗುವವರಿಲ್ಲ. ನಾಳಿದ್ದು ಯಾವುದೋ ಆರೈಕೆ ಕೇಂದ್ರಕ್ಕೆ ಕಳಿಸುತ್ತಾರೆ. ಅವನು ಬಾಗಿಲು ನೋಡುತ್ತ ಕೂರುತ್ತಾನೆ. ಈಗ ಯಾರೂ ಹೊಸಬ ಅನ್ನುವುದಿಲ್ಲ.

ಮಾರ್ಚ್ 28, ಸಂಜೆ

ವಿಸಿಟರ್ಸ್ ಬರುವ ಹೊತ್ತು. ಹತ್ತಿರ ಕರೆದ. "ಸಿಸ್ಟರ್, ನನ್ನ ಹೆಂಡ್ತಿ ಎಲ್ಲಿ?" ಅಂದ.

ನಗು ಇರಲಿಲ್ಲ. ಅವನಿಗೆ ಗೊತ್ತು. ನನಗೆ ಗೊತ್ತೆಂದೂ ಅವನಿಗೆ ಗೊತ್ತು. ಯಾರ ಬಾಯಿಂದಲಾದರೂ ಅವಳ ಸುದ್ದಿ ಬೇಕು, ಅಷ್ಟೇ.

ಕೂತೆ. ಮೊದಲಿನಿಂದ ಹೇಳಿದೆ. ಲಾರಿಯವರೆಗೆ ಬಂದೆ. ಇವತ್ತಾದರೂ ಆ ಮುಳ್ಳು ಕಿತ್ತು ಕಳಿಸೋಣ ಎಂದು ಧೈರ್ಯ ಮಾಡಿದೆ. "ಅರ್ಧ ಗಂಟೆ ಇರಲಿಲ್ಲ ಕಣ್ರೀ. ಆ ಕ್ಷಣವೇ ಹೋದ್ರು. ನೋವು ಗೊತ್ತೇ ಆಗಿಲ್ಲ. ನಾನು ಅವತ್ತು ಕ್ಯಾಶುವಾಲ್ಟಿಯಲ್ಲೇ ಇದ್ದೆ. ದೇವರಾಣೆ."

ನನ್ನ ಕೈ ತಟ್ಟಿದ, ಸಮಾಧಾನ ಮಾಡುವವನಂತೆ.

"ನೀವು ಒಳ್ಳೆಯವರು. ಹೋಗೋ ಹೊತ್ತಲ್ಲಿ ಹೀಗೆ ಹೇಳ್ತೀರ ಅಂತ ಗೊತ್ತಿತ್ತು" ಅಂದ. "ಈಗ ನಿಜ ಹೇಳಿ ಸಿಸ್ಟರ್. ಅವಳು ಅಮ್ಮಾ ಅಂತ ಎಷ್ಟು ಸಲ ಕರೆದ್ಲು?"