ಮನೆ ನೋಡಲು ಬಂದವರು

ವಾಮದಪದವು
17 ಆಗಸ್ಟ್ 2025, ಭಾನುವಾರ

ಪ್ರೀತಿಯ ಪ್ರಾಪ್ತಿ,

ನಿನ್ನ ಕಾಗದವನ್ನು ನಿನ್ನ ಅಮ್ಮನೇ ತಂದುಕೊಟ್ಟರು. ಹಾಸ್ಟೆಲಿನಲ್ಲಿ ಫೋನ್ ಇಟ್ಟುಕೊಳ್ಳಲು ಬಿಡುವುದಿಲ್ಲ ಅಂತ ವಾರ್ಡನ್‌ಗೆ ಅರ್ಧ ಪುಟ ಬೈದಿದ್ದೀಯ. ನನಗಂತೂ ಅದು ಒಳ್ಳೆಯದೇ ಆಯಿತು. ನಮ್ಮದು ಒಂದೇ ಕೋಣೆ, ಫೋನಿನಲ್ಲಿ ಹೇಳಿದ್ದೆಲ್ಲ ಉಮ್ಮನ ಕಿವಿಗೆ ಬೀಳುತ್ತದೆ. ಉಮ್ಮನಿಗೆ ಕನ್ನಡ ಓದಲು ಬಾರದು, ಹಾಗಾಗಿ ಅವರ ಎದುರೇ ಕುಳಿತು ಬರೆಯುತ್ತಿದ್ದೇನೆ. ಇಷ್ಟು ಮನಸ್ಸಿಟ್ಟು ಪರೀಕ್ಷೆಯಲ್ಲಿ ಬರೆಯಬಾರದಿತ್ತಾ ಅಂತ ಬೀಡಿ ಕಟ್ಟುತ್ತಲೇ ಒಂದು ಮಾತು ಚುಚ್ಚಿದರು. ಅದು ಯಾಕೆಂದು ಮುಂದೆ ಹೇಳುತ್ತೇನೆ.

ಕಿಟಕಿ ಪಕ್ಕದ ಮಂಚವನ್ನು ನನಗೆಂದು ಹಿಡಿದಿಟ್ಟಿದ್ದೀಯಲ್ಲ, ಅದನ್ನು ಬೇರೆಯವರಿಗೆ ಬಿಟ್ಟುಕೊಡು. ಟ್ರಸ್ಟಿನವರು ನನಗೆ ಸ್ಕಾಲರ್‌ಶಿಪ್ ಕೊಡಲಿಲ್ಲ. ಅದಿಲ್ಲದೆ ನೀನಿರುವ ಮೂಡುಬಿದಿರೆ ನನಗೆ ದುಬೈಗಿಂತ ದೂರ.

ನೆಲೆ ಕಳಕೊಂಡವರ ಮಕ್ಕಳನ್ನು ಕಾಲೇಜು ಓದಿಸುವ ಟ್ರಸ್ಟ್ ಅದು. ನಮಗಿಂತ ನೆಲೆ ತಪ್ಪಿದವರು ಯಾರಿದ್ದಾರೆ ಹೇಳು. ಬಿ.ಸಿ.ರೋಡಿನ ನಮ್ಮ ಮನೆಯೂ ಉಪ್ಪನ ಗೂಡಂಗಡಿಯೂ ಹೆದ್ದಾರಿಗೆ ಹೋದವು, ಜಾಗದ ಹಕ್ಕುಪತ್ರ ಇಲ್ಲವೆಂದು ಪರಿಹಾರವೂ ಬರಲಿಲ್ಲ. ಹಾಗೆ ತಾನೇ ನಾವು ನಿಮ್ಮ ಊರಿಗೆ ಬಾಡಿಗೆಗೆ ಬಂದದ್ದು, ನೀನು ನನಗೆ ಗಂಟುಬಿದ್ದದ್ದು. ನನ್ನ ಅಂಕ ನೋಡಿ ಟ್ರಸ್ಟಿನವರಿಗೆ ಖುಷಿಯಾಗಿತ್ತು. ಮನೆ ನೋಡಿ ಹೋಗುವುದೊಂದೇ ಬಾಕಿ ಅಂದಿದ್ದರು.

ಮನೆ ನೋಡಲು ಬರುತ್ತಾರೆ ಅಂದದ್ದೇ ತಡ, ಉಮ್ಮ ಹೆಣ್ಣು ನೋಡಲು ಬರುವವರಿಗೆ ಮಾಡುವ ಹಾಗೆ ತಯಾರಿ ಶುರು ಮಾಡಿದರು. ನಿಮ್ಮ ಮನೆಯ ಕುಶನ್ ಕುರ್ಚಿಗಳು ಬಂದವು. ಪಕ್ಕದ ಮನೆಯ, ಗಂಡ ದಮ್ಮಾಮಿನಲ್ಲಿರುವ ಮಿಸ್ರಿಯಾ ತನ್ನ ಗಾಜಿನ ತಟ್ಟೆಗಳನ್ನು ಕೊಟ್ಟಳು, ಬರಿಗೈಯಲ್ಲಿ ಬಡಿಸಬಾರದು ಅಂತ ತನ್ನ ಚಿನ್ನದ ಬಳೆಗಳನ್ನೂ ಬಿಚ್ಚಿ ಉಮ್ಮನಿಗೆ ಹಾಕಿದಳು. ಬೀಡಿಯ ಮೊರ ಮಂಚದ ಅಡಿಗೆ ಹೋಯಿತು. ಅವರು ಕಷ್ಟ ನೋಡಲಿಕ್ಕೆ ಬರುವುದು ಉಮ್ಮ, ಹೀಗೆ ಮಾಡಿದರೆ ಹೇಗೆ ಅಂತ ನಾನು ಕೇಳಿದೆ. ಮನೆಗೆ ಬಂದವರಿಗೆ ಕಷ್ಟ ಬಡಿಸ್ಲಿಕ್ಕೆ ಆಗ್ತದಾ ಮೋಳೇ ಅಂದರು.

ತುಪ್ಪದನ್ನ, ಕೋಳಿ ಗಸಿ, ಪತ್ತಿರಿ. ಬಂದವರು ಇಬ್ಬರು, ಒಬ್ಬ ಗಂಡಸು, ಒಬ್ಬಳು ಹುಡುಗಿ, ಬೆಂಗಳೂರಿನವರು. ಬೇಡ ಬೇಡ ಅನ್ನುತ್ತಲೇ ಎರಡು ಸಲ ಹಾಕಿಸಿಕೊಂಡರು. ಊಟ ಮುಗಿಸಿ, ಸಂಸಾರ ಹೇಗೆ ನಡೆಯುತ್ತಿದೆ ಅಂತ ಕೇಳಿದರು. ಅಲ್‌ಹಮ್ದುಲಿಲ್ಲಾಹ್, ಒಂದಕ್ಕೂ ಕಮ್ಮಿ ಇಲ್ಲ ಅಂದರು ಉಮ್ಮ. ನಮ್ಮಲ್ಲಿ ಸಾಯಲು ಮಲಗಿದವರೂ ಹಾಗೆಯೇ ಹೇಳುವುದು. ಆ ಹುಡುಗಿ ಅದನ್ನು ಹಾಗೇ ಬರೆದುಕೊಂಡಳು.

ಬಾಯಿಬಿಟ್ಟು ನಿಜ ಹೇಳೋಣವೆಂದು ಉಮ್ಮನ ಮುಖ ನೋಡಿದೆ. ಹಳೆಯ ಮನೆಯಲ್ಲಿ ಲಾರಿಯವರಿಗೂ ಚಹಾ ಕೊಡದೆ ಕಳಿಸದವರು ಅವರು. ಆ ಮನೆ ಒಡೆದ ಮೇಲೆ ನಮ್ಮಲ್ಲಿ ಕೂತು ಉಂಡ ಮೊದಲ ನೆಂಟರು ಇವರೇ. ಉಮ್ಮ ನಗುತ್ತಿದ್ದರು ಪ್ರಾಪ್ತಿ. ನಾನು ನೀರು ಬಡಿಸಿದೆ.

ಇಲ್ಲ ಎಂಬ ಉತ್ತರ ಬಂದ ದಿನ ಪುಂಜಾಲಕಟ್ಟೆಗೆ ಹೋಗಿ, ಬಸ್‌ಸ್ಟ್ಯಾಂಡಿನ ಹಿಂದೆ ನಿಂತು ಅವರ ಆಫೀಸಿಗೆ ಫೋನ್ ಮಾಡಿದೆ. ನಮ್ಮದು ಅನುಕೂಲಸ್ಥ ಕುಟುಂಬ ಅಂತ ವರದಿ ಇದೆಯಂತೆ. ಕುರ್ಚಿ ನಮ್ಮದಲ್ಲ, ಬಳೆ ನಮ್ಮದಲ್ಲ ಅಂದೆ. ಎಲ್ಲರೂ ಹಾಗೇ ಹೇಳ್ತಾರಮ್ಮ, ಬರುವ ವರ್ಷ ಮತ್ತೆ ಅರ್ಜಿ ಹಾಕಿ, ಮತ್ತೆ ಮನೆ ನೋಡಲು ಬರ್ತೇವೆ ಅಂದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ನನ್ನ ತುತ್ತನ್ನು ಅವರೇ ಉಂಡು ಹೋದರು.

ಉಮ್ಮನಿಗೆ ಮಾತ್ರ ಅಂಕ ಸಾಲಲಿಲ್ಲವಂತೆ ಅಂದುಬಿಟ್ಟೆ. ಅಂದಿನಿಂದ ಕೇಳಬೇಕು ಅವರ ಬೈಗುಳ. ಅಷ್ಟು ಚೆಂದ ಮಾಡಿ ಬಡಿಸಿದ್ದೆ, ಅವರ ಮನಸ್ಸು ತುಂಬಿತ್ತು, ನೀನು ನಾಲ್ಕು ಅಂಕ ಹೆಚ್ಚು ತೆಗೆದಿದ್ದರೆ ಕೊಡುತ್ತಿದ್ದರು ಅಂತ ಎಲ್ಲರೆದುರೂ ಹೇಳುತ್ತಾರೆ. ಉಪ್ಪ ಈಗ ಬೇರೆಯವರ ಅಂಗಡಿಯಲ್ಲಿ ಸಾಮಾನು ಕಟ್ಟುತ್ತಾರೆ. ಅವರೂ ನನ್ನ ಹತ್ತಿರ ಮಾತು ಕಡಿಮೆ ಮಾಡಿದ್ದಾರೆ. ನನಗೆ ಸಿಟ್ಟು ಬರುತ್ತದೆ, ಸುಳ್ಳೇಕೆ ಹೇಳಲಿ. ಬೀಡಿಯ ಎಲೆ ಕತ್ತರಿಸುವಾಗ ಎಲ್ಲವನ್ನೂ ಹೇಳಿಬಿಡೋಣ ಅನ್ನಿಸುತ್ತದೆ. ಆಮೇಲೆ ಉಮ್ಮ ಇನ್ನು ಯಾರಿಗೂ ಅನ್ನ ಬಡಿಸಲಾರರು ಎಂದು ಹೆದರಿಕೆಯಾಗುತ್ತದೆ. ಈಗ ನಾನೂ ಬೀಡಿ ಕಟ್ಟುತ್ತೇನೆ. ಕೈ ಚುರುಕಾಗಿದೆಯಂತೆ, ಅದೊಂದಕ್ಕೆ ಉಮ್ಮ ಹೊಗಳುತ್ತಾರೆ.

ನೀನು ಚೆನ್ನಾಗಿ ಓದು. ನಿನ್ನ ನೋಟ್ಸ್‌ಗಳನ್ನು ಎಸೆಯಬೇಡ.

ನಿನ್ನ
ಫಾಹಿಮಾ

ಮರೆತಿದ್ದೆ: ಕುರ್ಚಿಯ ವಿಷಯ ನಿನ್ನ ಅಮ್ಮನಿಗೆ ಹೇಳಬೇಡ, ನೊಂದುಕೊಳ್ಳುತ್ತಾರೆ. ಬರುವ ವರ್ಷ ಟ್ರಸ್ಟಿನವರು ಮತ್ತೆ ಬರುತ್ತಾರೆ ಎಂಬುದು ಉಮ್ಮನಿಗೆ ಹೇಗೋ ಗೊತ್ತಾಗಿದೆ. ಒಂದು ಹುಂಜದ ಮರಿ ತಂದು ಸಾಕುತ್ತಿದ್ದಾರೆ. ಅವರು ಬರುವ ಹೊತ್ತಿಗೆ ಒಳ್ಳೆ ತೂಕ ಬರ್ತದೆ, ನೀನು ಓದುವುದೊಂದು ನೋಡಿಕೋ ಅನ್ನುತ್ತಾರೆ. ಅದಕ್ಕೆ ದಿನಾ ಅಕ್ಕಿ ಹಾಕುವುದು ನಾನೇ.